ಕಿರಿಯರಲ್ಲಿ ಹಿರಿತನ

ಬೆಳೆಯುವ ಹುಡುಗನನ್ನು ಬಿಟ್ಟು ಹೆಸರಾಂತ ಆಟಗಾರನನ್ನು ತರುವುದು ಲೇಸೇ? ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಕಬಡ್ಡಿಪ್ರಿಯರಲ್ಲಿ ಈ ವಾದವುಂಟು. ಬೆಂಗಳೂರು ಬುಲ್ಸ್ ತಂಡವೇ ಇದಕ್ಕೆ ನಿದರ್ಶನ. 2015ರಲ್ಲಿ ಅಲ್ಲಿ ಮೊದಲ ಹೆಜ್ಜೆಯಿಟ್ಟ ಪರ್ದೀಪ್ ನರ್ವಾಲ್ ಅಲ್ಲಿ ಉಳಿಯಲಿಲ್ಲ. ಪಟ್ನಾ ತಂಡವನ್ನು ಸೇರಿ ಅದಕ್ಕೆ ಮೂರು ಪ್ರಶಸ್ತಿಗಳನ್ನು ಗೆದ್ದಿತ್ತರು. 2024ರ ಹರಾಜಿನಲ್ಲಿ ಹೆಸರಾಂತರಾಗಿ ಅವರೇ ಮರಳಿದರು. ತರುಣ ರೇಡರ್ ಭರತ್ ಬೇರೆ ತಂಡದ ಪಾಲಾದರು. ಆ ಸಲ ಬುಲ್ಸ್ 12 ತಂಡಗಳಲ್ಲಿ ಕೊನೆಯದಾಯಿತು.

ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ ಕೀರ್ತಿವಂತರಾಗಿದ್ದ ಸಿದ್ಧರಾಮೇಶ್ವರರು ಕಲ್ಯಾಣದಲ್ಲಿ ಕಿರಿಯ ಚನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆ ಪಡೆದರೆಂದು ಶರಣಪರಂಪರೆ ಹೇಳುತ್ತದೆ. ಹಿರಿಯರು ಬಂದರೆಂದು ಕಲ್ಯಾಣವು ಕಿರಿಯರನ್ನು ಹೊರಗಿಡಲಿಲ್ಲ. ಅವರ ಅರಿವನ್ನೇ ಹಿರಿದೆಂದು ಮನ್ನಿಸಿತು. ಮನೆಯಲ್ಲಾಗಲಿ, ಮಠದಲ್ಲಾಗಲಿ, ಬೆಳೆಯುವವರನ್ನು ಕಾಯುವ ತಾಳ್ಮೆಯೂ ಶರಣಮಾರ್ಗವೇ.