ಬಾಗದ ಮೊಣಕಾಲು

ಕಾಯವು ಸದಾ ಮನದ ಮಾತನ್ನು ಕೇಳದು. 2017ರಲ್ಲಿ ನನ್ನ ಬಲ ಮೊಣಕಾಲಿನ ಸವೆದ ಕೀಲನ್ನು ತೆಗೆದು ಲೋಹದ ಕೀಲನ್ನೂ ನಡುವೆ ಪಾಲಿಎಥಿಲೀನಿನ ಬಿಲ್ಲೆಯನ್ನೂ ಕೂರಿಸಿದರು. ಮೂಳೆ ಉಜ್ಜುವ ನೋವು ಹೋಯಿತು. ಆದರೆ ಒಳಗೆ ಗಾಯದ ಅಂಗಾಂಶ ಬೆಳೆದು ಕೀಲು ಬಿಗಿಯಿತು. ಇಂದಿಗೂ ಕಾಲು 90 ಡಿಗ್ರಿಗಿಂತ ಹೆಚ್ಚು ಮಡಿಯದು. ಕುರ್ಚಿಗೆ ಅಷ್ಟು ಸಾಕು. ಚಕ್ಕಳಮಕ್ಕಳ ಹಾಕಲು ಸಾಲದು.

ದಾಸೋಹದ ಪಂಕ್ತಿಯಲ್ಲಿ ಎಲ್ಲರೂ ನೆಲದ ಮೇಲಿರುವಾಗ ನಾನೊಬ್ಬಳೇ ಕುರ್ಚಿಯಲ್ಲಿ ಕೂರಬೇಕಾದುದು ಕಾಲಿನ ನೋವಿಗಿಂತ ಹೆಚ್ಚಾಗಿ ಕಾಡಿತು. ಬಡಿಸುತ್ತಿದ್ದ ತಾಯಿಯೊಬ್ಬರು ಅದನ್ನರಿತು, "ಅಕ್ಕಾರ, ನೀವು ಎಷ್ಟು ಎತ್ತರದಾಗ ಕುಂತೀರಿ ಅಂತ ನಾವು ನೋಡಂಗಿಲ್ರಿ, ತಾಟು ಖಾಲಿ ಆತೇನು ಅಂತ ನೋಡ್ತೀವಿ" ಎಂದರು. ಅಂದಿನಿಂದ ಆ ಕುರ್ಚಿ ನನಗೆ ಭಾರವೆನಿಸಿಲ್ಲ.

ಸಹನೆಯೆಂದರೆ ಎಲ್ಲವನ್ನೂ ಸುಮ್ಮನೆ ತಾಳಿಕೊಳ್ಳುವುದಲ್ಲ. ಹಳೆಯ ಬಿಗಿತವನ್ನು ನಿತ್ಯದ ವ್ಯಾಯಾಮದೊಡನೆ ತಾಳಬಹುದು. ಹೊಸದಾಗಿ ಬಾವು, ಕೆಂಪು, ಬಿಸಿ, ಜ್ವರ ಕಂಡರೆ ತಾಳಬಾರದು. ಕೂಡಲೇ ವೈದ್ಯರನ್ನು ಕಾಣಬೇಕು. ಹಲ್ಲಿನ ಅಥವಾ ಚರ್ಮದ ಸೋಂಕು ವರ್ಷಗಳ ಬಳಿಕವೂ ರಕ್ತದ ಮೂಲಕ ಕೃತಕ ಕೀಲನ್ನು ಸೇರಬಲ್ಲುದು. ಯಾವುದನ್ನು ತಾಳಬೇಕು, ಯಾವುದಕ್ಕೆ ಎಚ್ಚರಗೊಳ್ಳಬೇಕು ಎಂಬ ಅರಿವೇ ನನ್ನ ಪಾಲಿನ ನಿತ್ಯಸಾಧನೆ.