ಮಂತ್ರದ ಓಲೆ ಯಾರ ಕೈಗೆ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಿಂದ ಬಂದ ನಮ್ಮ ಹುಡುಗಿಯರು ಬಿಡುವಿನ ವೇಳೆಯಲ್ಲಿ, 1974ರಲ್ಲಿ ಅಮೆರಿಕದಲ್ಲಿ ಅಚ್ಚಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಧಾರಣೆಯ ಆಟವಾಡುವುದನ್ನು ಪೋಷಕರು ಬಲ್ಲರು. ಮಂತ್ರವರಿಯದ ಯೋಧೆಯು ಮಂತ್ರ ಬರೆದ ಓಲೆಯನ್ನು ಓದಬಹುದೇ ಎಂಬ ವ್ಯಾಜ್ಯವು ಈಚೆಗೆ ನಮ್ಮವರೆಗೂ ಬಂದಿತು.

1978ರ ನಿಯಮಪುಸ್ತಕವು ಹತ್ತನೆಯ ಮೆಟ್ಟಿಲೇರಿದ ಕಳ್ಳನಿಗೆ ಈ ಅಪ್ಪಣೆಯನ್ನು ಕೊಟ್ಟಿತು. ಆದರೆ ನೂರಕ್ಕೆ 25 ಪಾಲು ಅವನು ಬರಹವನ್ನು ತಪ್ಪಾಗಿ ಅರಿಯಬಹುದೆಂದಿತು. ಯೋಧೆಗೂ ಇದೇ ನ್ಯಾಯವು ಸಲ್ಲಲೆಂಬುದು ನಮ್ಮ ಮತ. ಅಪಾಯವಿರಲಿ, ನಿಷೇಧ ಬೇಡ. ಮಂತ್ರವಾದಿಯು ಮೂರ್ಛೆಹೋಗಿರುವಾಗ ಓಲೆಯು ಯೋಧೆಯ ಚೀಲದಲ್ಲಿ ಸುಮ್ಮನಿದ್ದರೆ ಯಾರಿಗೇನು ಫಲ?

“ಹಾಗಾದರೆ ನಾನು ಕಷ್ಟಪಟ್ಟು ಕಲಿತದ್ದೇಕಮ್ಮ?” ಎಂದು ಮಂತ್ರವಾದಿಯ ಪಾತ್ರದವಳು ಕಣ್ಣೀರು ತಂದಳು. ಅವಳ ನೋವು ಸಣ್ಣದಲ್ಲ. ಓಲೆಯಾದರೋ ಒಮ್ಮೆ ಓದಿದೊಡನೆ ಬರಿದಾಗುವುದು. ಅವಳ ವಿದ್ಯೆಯು ಮರುದಿನವೂ ಅವಳದೇ ಎಂದೆವು. ಅವಳಿಗೆ ಅರ್ಧ ಸಮಾಧಾನವಾಯಿತು.

ಆಗ ಪಾಂಡವಪುರ ತಾಲ್ಲೂಕಿನವಳೊಬ್ಬಳು ತಮ್ಮ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರ ಐತಿಹ್ಯವನ್ನು ನೆನೆದಳು: ಗುರುವು ಗುಟ್ಟಾಗಿಡೆಂದ ಮಂತ್ರವನ್ನು ಅವರು ತಮಿಳುನಾಡಿನ ತಿರುಕ್ಕೋಟ್ಟಿಯೂರಿನ ಗೋಪುರವೇರಿ ಎಲ್ಲರಿಗೂ ಸಾರಿದರಂತೆ, ಅದರಿಂದ ತಮಗೊದಗುವ ನರಕಕ್ಕೂ ಅಂಜಲಿಲ್ಲವಂತೆ.

ಯೋಧೆಯು ಓಲೆಯನ್ನು ಬಿಚ್ಚಿದಳು. ದಾಳವನ್ನು ಅವಳ ಕೈಗಿತ್ತವಳು ಮಂತ್ರವಾದಿಯೇ.