ಗುರಾಣಿಯ ಬಾಗು

ಮರದ ಮೂರು ತೆಳುಪದರಗಳನ್ನು ಒಂದಕ್ಕೊಂದು ಅಡ್ಡವಾಗಿರಿಸಿ, ಸರೇಸಿನಿಂದ ಅಂಟಿಸಿ, ಒನಕೆಗೆ ಸುತ್ತಿ ಕಟ್ಟಿ, ಚೆನ್ನಾಗಿ ಒಣಗಿದ ಮೇಲೆ ಬಿಚ್ಚಿದಾಗ, ಬಾಗಿದ ಹಲಗೆಯು ಸೀಳದೆ, ಬೊಕ್ಕೆಯೇಳದೆ, ಉಗುರಿನಿಂದ ತಟ್ಟಿದರೆ ಕಣಕಣನೆ ನುಡಿಯುತ್ತ ಕೈಗೆ ಬಂದರೆ ಆಗತಕ್ಕ ಆನಂದವನ್ನು, ಗೇಣುದ್ದದ ರೋಮನ್ ಕಾಲಾಳುಗಳನ್ನು ಕೆತ್ತುವ ಹುಚ್ಚು ಹಿಡಿಯದವರಿಗೆ ವಿವರಿಸಹೊರಡುವುದು ವ್ಯರ್ಥಪ್ರಯಾಸ. ಈ ವಾರ ಅಂಥದೊಂದು ಗುರಾಣಿ ಒನಕೆಯಿಂದ ಕಳಚಿ ಬಂದಿತು. ಆ ಹರ್ಷದಲ್ಲಿಯೇ ಲೇಖನಿ ಹಿಡಿದಿರುವುದರಿಂದ ಬರೆಹದಲ್ಲಿ ಸಂಯಮ ಕಡಮೆಯಾದರೆ ವಾಚಕರು ಮನ್ನಿಸಬೇಕು.

ಒನಕೆಯ ಮಾತನ್ನು ಸ್ವಲ್ಪ ವಿಸ್ತರಿಸಿಯೇ ಹೇಳುತ್ತೇನೆ. ಗುರಾಣಿಗೆ ಎಷ್ಟು ಬಾಗು ಬೇಕೋ ಅಷ್ಟೇ ಬಾಗುಳ್ಳ ಅಚ್ಚನ್ನು ಹುಡುಕುವುದು ಹೊಸಬರ ವಾಡಿಕೆ. ಮರವಾದರೋ ಕಟ್ಟು ಬಿಚ್ಚಿದೊಡನೆಯೇ ಹುಟ್ಟುಗುಣಕ್ಕೆ ಮರಳಲು ಹವಣಿಸಿ ಕೊಂಚ ಅರಳಿಕೊಳ್ಳುತ್ತದೆ. ಆದುದರಿಂದ ಅಚ್ಚು ಬೇಕಾದುದಕ್ಕಿಂತ ಸಣ್ಣದಿರಬೇಕು; ಅಕ್ಕಿಗಿರಣಿ ಬಂದಂದಿನಿಂದ ನಿರುದ್ಯೋಗಿಯಾಗಿ ಮೂಲೆಗೊರಗಿದ್ದ ನಮ್ಮ ಮನೆಯ ಒನಕೆಯ ದಪ್ಪ ಇದಕ್ಕೆ ಹೇಳಿ ಮಾಡಿಸಿದಂತಿದೆ. ಇನ್ನು ಕಟ್ಟುವ ಕ್ರಮ: ಹಳೆಯ ಪಂಚೆಯ ಪಟ್ಟಿಯನ್ನು ನಡುವಿನಿಂದ ಸುತ್ತಲಾರಂಭಿಸಿ ಎರಡು ಕೊನೆಗಳತ್ತ ಸಾಗಬೇಕು, ಆಗ ಹೆಚ್ಚಿನ ಸರೇಸು ಅಂಚಿನಿಂದ ಹೊರಕ್ಕೆ ಒಸರುತ್ತದೆ, ಕೊನೆಗಳಿಂದ ಆರಂಭಿಸಿದವನ ಸರೇಸು ನಡುವೆ ಸಿಕ್ಕಿಕೊಂಡು ಬೊಕ್ಕೆಯಾಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಇಕ್ಕಳದಿಂದ ನಾಲ್ಕು ಮೂಲೆಗಳನ್ನು ಕಚ್ಚಿಸಿ, ಆಮೇಲೆ ಮರವನ್ನು ಬೈಯುವ ಮಿತ್ರರು ನನಗಿದ್ದಾರೆ.

ಆ ಮಿತ್ರರೊಡನೆ ನನ್ನ ನಿಜವಾದ ಜಗಳ ಇದಕ್ಕಿಂತ ದೊಡ್ಡದು. ಅವರ ಪಾಲಿಗೆ ರೋಮನ್ ಕಾಲಾಳು ಎಂದರೆ ಒಬ್ಬನೇ: ಕ್ರಿ.ಶ. 113ರ ಟ್ರೇಜನ್ ಸ್ತಂಭದ ಮೇಲೆ ಕಂಡರಿಸಿರುವ, ಪಟ್ಟಿಪಟ್ಟಿಯ ಉಕ್ಕಿನ ಕವಚ ತೊಟ್ಟು ಬಾಗಿದ ಚೌಕಗುರಾಣಿ ಹಿಡಿದವನು. ಶತಮಾನಗಳ ಹಿಂದಿನ ಕಾರ್ತೇಜಿನ ಸೇನಾನಿ ಹ್ಯಾನಿಬಲ್ಲನ ಎದುರಿಗೂ ಅವನೇ, ಶತಮಾನಗಳ ಮುಂದಿನ ಗಾಥರ ಎದುರಿಗೂ ಅವನೇ! ರಾಜಧಾನಿಯ ಶಿಲ್ಪಿಗಳು ದೂರದ ಡೇಸಿಯದಲ್ಲಿ ಟ್ರೇಜನ್ ಚಕ್ರವರ್ತಿ ನಡೆಸಿದ ಯುದ್ಧವನ್ನು ಒಂದೇ ಅಚ್ಚಿಗೆ ಎರಕ ಹೊಯ್ದರು. ಅದೇ ಡೇಸಿಯ ಯುದ್ಧಗಳ ಸ್ಮಾರಕವಾಗಿ ಇಂದಿನ ರುಮೇನಿಯದ ಆದಮ್‌ಕ್ಲಿಸಿಯಲ್ಲಿ ನಿಂತ ಶಿಲೆಗಳಲ್ಲಾದರೋ ಸೈನಿಕರು ಸರಪಣಿಯ ಅಂಗಿಯನ್ನೂ ಹುರುಪೆಗವಚವನ್ನೂ ಧರಿಸಿದ್ದಾರೆ, ಶತ್ರುವಿನ ಕುಡುಗೋಲಿನಂಥ ಉದ್ದನೆಯ ಕತ್ತಿಗೆ ತೋಳು ಒಪ್ಪಿಸಲಾರದೆ ಬಲಗೈಗೆ ಪಟ್ಟಿಗವಚ ಬಿಗಿದುಕೊಂಡಿದ್ದಾರೆ. ಎದುರಾಳಿಯ ಆಯುಧ ನೋಡಿ ಕವಚ ಬದಲಾಗುವ ಬಗೆಯಿದು.

ಗುರಾಣಿಯೂ ಹಾಗೆಯೇ. ಕ್ರಿ.ಪೂ. 2ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಅದರ ರಚನೆಯನ್ನು ಬಡಗಿಯ ಕಣ್ಣಿನಿಂದ ನೋಡಿದ್ದಾನೆ: ಅಂಟಿಸಿದ ಎರಡು ಪದರ ಮರ, ಮೇಲೆ ನಾರುಬಟ್ಟೆ, ಅದರ ಮೇಲೆ ಕರುವಿನ ಚರ್ಮ, ಕತ್ತಿಯ ಇಳಿಹೊಡೆತವನ್ನು ತಡೆಯಲು ಮೇಲಂಚಿಗೆ ಕಬ್ಬಿಣ, ನೆಲಕ್ಕೂರಿದಾಗ ಸವೆಯದಿರಲು ಕೆಳಗಿನ ಅಂಚಿಗೂ ಕಬ್ಬಿಣ. ಈಜಿಪ್ಟಿನ ಫಯೂಮಿನಲ್ಲಿ 1900ರಲ್ಲಿ ದೊರೆತ ಬರ್ಚ್ ಮರದ ಉದ್ದಗುರಾಣಿ 1.28 ಮೀಟರ್ ಎತ್ತರದ್ದು; ಅದರ ಪ್ರತಿಕೃತಿ ಮಾಡಿದವರು ತೂಕ 10 ಕಿಲೋವಿನ ಸಮೀಪವೆನ್ನುತ್ತಾರೆ. ಯೂಫ್ರಟಿಸ್ ದಂಡೆಯ ಡ್ಯೂರಾ-ಯೂರೋಪಾಸ್ ಕೋಟೆಯಲ್ಲಿ ದೊರೆತ ಬಾಗಿದ ಚೌಕಗುರಾಣಿಯ ಎತ್ತರ 105.5 ಸೆಂಟಿಮೀಟರ್ ಮಾತ್ರ, ಒಂದೊಂದು ಪದರದ ದಪ್ಪ ಎರಡು ಮಿಲಿಮೀಟರಿಗಿಂತ ಹೆಚ್ಚಿಲ್ಲ. ತೂಕ ಸರಿಸುಮಾರು ಅರ್ಧಕ್ಕಿಳಿದಿರಬೇಕು. ಅದರ ಕೆಂಪು ಬಣ್ಣದ ಮೇಲೆ ಗರುಡನೂ ಸಿಂಹವೂ ಇನ್ನೂ ಉಳಿದಿವೆ.

ಈ ಡ್ಯೂರಾ ನನ್ನನ್ನು ಬಿಡುವುದಿಲ್ಲ. ಕ್ರಿ.ಶ. 256ರ ಸುಮಾರಿನಲ್ಲಿ ಪರ್ಷಿಯದ ಸಾಸಾನಿಯನ್ನರು ಮುತ್ತಿ ಸುರಂಗ ತೋಡಿದಾಗ ಹಾಳಾದ ಆ ಒಂದೇ ಕೋಟೆಯಲ್ಲಿ ಈ ಬಾಗಿದ ಚೌಕವೂ, ಪೋಪ್ಲಾರ್ ಹಲಗೆಗಳನ್ನು ಅಂಚಿಗಂಚು ಕೂಡಿಸಿದ, ನಡುವೆ ದಪ್ಪನಾಗಿ ಸುತ್ತ ತೆಳುವಾಗುವ ಅಂಡಾಕಾರದ ಗುರಾಣಿಗಳೂ ಜೊತೆಯಾಗಿಯೇ ದೊರೆತವು. ಒಂದು ಸತ್ತು ಇನ್ನೊಂದು ಹುಟ್ಟಿತೆಂದು ಕೋಷ್ಟಕ ಬರೆದಿಟ್ಟುಕೊಂಡವರು ಇದಕ್ಕೆ ಏನನ್ನುತ್ತಾರೆ? ಬಾಗಿದ ಗುರಾಣಿ ಕಿರುಗತ್ತಿ ಹಿಡಿದು ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿ ಇರಿಯುವವನ ಒಡಲನ್ನು ಸುತ್ತುವರಿಯುತ್ತದೆ. ಈಟಿ ಚಾಚುವವನಿಗೂ, ಕುದುರೆದಂಡಿನೆದುರು ಗುರಾಣಿಗೆ ಗುರಾಣಿ ಹೊಂದಿಸಿ ನಿಲ್ಲುವವನಿಗೂ ಚಪ್ಪಟೆಯದೇ ಹಿತ. ಕ್ರಿ.ಶ. 212ರಲ್ಲಿ ಚಕ್ರವರ್ತಿ ಕ್ಯಾರಕಲ್ಲ ಸಾಮ್ರಾಜ್ಯದ ಬಹುತೇಕ ಸ್ವತಂತ್ರ ಪ್ರಜೆಗಳಿಗೆಲ್ಲ ಪೌರತ್ವವಿತ್ತ ಮೇಲೆ ಪೌರರ ಸೇನೆಯಾದ ಲೀಜನ್ನಿನವನಿಗೂ ಪೌರರಲ್ಲದವರ ಸಹಾಯಕ ದಳದವನಿಗೂ ಇದ್ದ ಭೇದ ಮಸಕಾಯಿತು. ಸಹಾಯಕರಾದರೋ ಮೊದಲಿನಿಂದಲೂ ಚಪ್ಪಟೆ ಗುರಾಣಿಯವರು. ಮುಂದೆ ಸರಕಾರವೇ ನಡೆಸಿದ ಆಯುಧ ಕಾರ್ಖಾನೆಗಳಲ್ಲಿ, ಅಚ್ಚಿಲ್ಲದೆ ಆಗುವ ಹಲಗೆ ಗುರಾಣಿ ಎಷ್ಟು ಬೇಗ ಸಿದ್ಧವಾಗುತ್ತಿತ್ತೆಂಬುದನ್ನು ಒನಕೆಗೆ ಹಲಗೆ ಬಿಗಿದು ಕಾದವನೇ ಬಲ್ಲ.

ಇಷ್ಟು ಕಾರಣಗಳಿರುವಾಗ, ರೋಮನ್ನರು ಮೆತ್ತಗಾದರು, ಶತ್ರುವಿನ ಹತ್ತಿರ ಹೋಗಲು ಹೆದರಿ ಕತ್ತಿಯನ್ನು ಉದ್ದ ಮಾಡಿಕೊಂಡರು ಎಂದು ಗಂಭೀರವದನದಿಂದ ಬೋಧಿಸುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಹ್ಯಾನಿಬಲ್ಲನ ಕಾಲದಲ್ಲಿ ಸ್ಪೇನಿನಿಂದ ಕಲಿತು ತಂದ ಕತ್ತಿಯ ಅಲಗು 60 ಸೆಂಟಿಮೀಟರನ್ನು ಮೀರುತ್ತಿತ್ತು. ಪಾಂಪೇಯಿಯ ಬೂದಿಯಲ್ಲಿ ದೊರೆತುದು 50ರ ಆಸುಪಾಸಿನದು. ಅನಂತರ ರಾವುತರ ಉದ್ದಗತ್ತಿಯಾದ ಸ್ಪಾಥ ಕಾಲಾಳಿನ ಸೊಂಟಕ್ಕೂ ಬಂದಿತು. ಉದ್ದವೇ ಹೇಡಿತನವೆಂದಾದರೆ ಹ್ಯಾನಿಬಲ್ಲನನ್ನು ಸೋಲಿಸಿದವರು ಯಾರು? ಮೆತ್ತಗಾಗಿರುವುದು ರೋಮನ್ನರ ಎದೆಯಲ್ಲ, ಅಳತೆಪಟ್ಟಿ ಮುಟ್ಟಲು ಬೇಸರಪಡುವ ಈ ಮಹನೀಯರ ತಲೆ.

ಹಿಂದೊಮ್ಮೆ ಪ್ರದರ್ಶನವೊಂದರಲ್ಲಿ ತೀರ್ಪುಗಾರರೊಬ್ಬರು, ಡ್ಯೂರಾ ಗುರಾಣಿ ಹಿಡಿದ ನನ್ನ ಕಾಲಾಳಿಗೆ ಹಿತ್ತಾಳೆಯ ಅಂಚಿಲ್ಲವೆಂದು ಅಂಕ ಕಳೆದರು. ಲೋಹದ ಅಂಚು 1ನೆಯ ಶತಮಾನದ ಶಿಬಿರಗಳಲ್ಲಿ ಹೇರಳವಾಗಿ ದೊರೆತಿದೆ, ನಿಜ. ಡ್ಯೂರಾದಲ್ಲಿ ಹದಮಾಡದ ಹಸಿಚರ್ಮವನ್ನೇ ಅಂಚಿಗೆ ಹೊಲಿದಿದ್ದರು, ಅದು ಒಣಗುವಾಗ ಕುಗ್ಗಿ ಮೂರು ಪದರಗಳನ್ನೂ ಬಿಗಿಯಾಗಿ ಹಿಡಿಯುತ್ತದೆ, ನಾನು ಮೃದಂಗ ಕಟ್ಟುವವರ ಅಂಗಡಿಯಿಂದ ತಂದ ಚೂರುಚರ್ಮವನ್ನು ನೆನೆಸಿ ಹೊಲಿದಿರುವುದೂ ಅದಕ್ಕಾಗಿಯೇ ಎಂದು ವಿನಯದಿಂದಲೇ ಅರಿಕೆ ಮಾಡಿಕೊಂಡೆ. “ಇರಬಹುದು ಸ್ವಾಮಿ, ಆದರೆ ಹಿತ್ತಾಳೆಯಾಗಿದ್ದರೆ ಹೊಳೆಯುತ್ತಿತ್ತು” ಎಂದರು. ಮುಂದಿನ ಸಲ ಅಂಡಾಕಾರದ ಹಲಗೆ ಗುರಾಣಿಯವನನ್ನು ಒಯ್ಯುವವನಿದ್ದೇನೆ. ಅವನದಕ್ಕೂ ಚರ್ಮದ ಅಂಚೇ.